ಪ್ರಿಂಟರ್ ಡ್ರೈವರ್ ಹಾಕುವಾಗ ‘ಆಕ್ಸೆಸ್ ಈಸ್ ಡಿನೈಡ್’ ಬಂದರೆ

ಪ್ರಶ್ನೆ: ಉಡುಪಿಯ ರಥಬೀದಿ ಹತ್ತಿರ ನಮ್ಮದೊಂದು ಜೆರಾಕ್ಸ್ ಅಂಗಡಿ ಇದೆ. ಪ್ರಿಂಟರ್ ನನ್ನ ಕಂಪ್ಯೂಟರಿಗೆ ಜೋಡಿಸಿದೆ. ಕೆಲಸದ ಹುಡುಗಿ ಕೂರುವ ಇನ್ನೊಂದು ಕಂಪ್ಯೂಟರಿಂದಲೂ ಅದಕ್ಕೇ ಪ್ರಿಂಟ್ ಕೊಡಬೇಕು. ಪ್ರಿಂಟರ್ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್ ಹಾಕಲು ಹೋದರೆ ‘ಆಕ್ಸೆಸ್ ಈಸ್ ಡಿನೈಡ್’ ಅನ್ನುತ್ತದೆ. ಆಂಟಿವೈರಸ್ ಆಫ್ ಮಾಡಬೇಕಾ?

ಉತ್ತರ: ಬೇಡ ಮಾರಾಯ್ರೆ, ಆಂಟಿವೈರಸ್ ಮುಟ್ಟಲೇಬೇಡಿ. ಹೆಚ್ಚಾಗಿ ತೊಂದರೆ ಇರುವುದು ಅಕೌಂಟಿನಲ್ಲಿ. ಆ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರಲ್ಲಿ ಯುವರ್ ಇನ್ಫೋ ತೆರೆಯಿರಿ. ಹೆಸರಿನ ಕೆಳಗೆ ‘ಅಡ್ಮಿನಿಸ್ಟ್ರೇಟರ್’ ಅಂತ ಇಲ್ಲದಿದ್ದರೆ ಅದು ಸ್ಟ್ಯಾಂಡರ್ಡ್ ಅಕೌಂಟ್. ಡ್ರೈವರ್ ಹಾಕುವ ಹಕ್ಕು ಅದಕ್ಕಿಲ್ಲ. ಆದರೂ ಅದನ್ನು ಹಾಗೇ ಇರಲು ಬಿಡಿ. ದಿನವಿಡೀ ಗಿರಾಕಿಗಳ ಪೆನ್‌ಡ್ರೈವ್ ಹಾಕುವ ಕಂಪ್ಯೂಟರ್ ಅಲ್ವಾ, ಅದಕ್ಕೆ ಅದೇ ಕ್ಷೇಮ. ಡ್ರೈವರ್ ಹಾಕುವಾಗ ಮಾತ್ರ ನೀವು ಅಡ್ಮಿನ್ ಪಾಸ್‌ವರ್ಡ್ ಕೊಡಿ.

‘ಮೊದಲೆಲ್ಲ ಹೀಗೆ ಕೇಳುತ್ತಿರಲಿಲ್ಲ’ ಅಂತ ಹಲವರು ಹೇಳುತ್ತಾರೆ. ನಿಜ. 2021ರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ದೋಷ ಬಯಲಾಯಿತು. ವಿಂಡೋಸ್‌ನಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುವ ಸ್ಪೂಲರ್‌ಗೆ ಇಡೀ ಸಿಸ್ಟಮ್ಮಿನ ಅಧಿಕಾರ ಇರುತ್ತದೆ. ಡ್ರೈವರ್ ಹೆಸರಿನಲ್ಲಿ ಕೆಟ್ಟ ಫೈಲ್ ಅದರೊಳಗೆ ಸೇರಿದರೆ ಇಡೀ ಕಂಪ್ಯೂಟರ್ ಬೇರೆಯವರ ಕೈಗೆ ಹೋಗುತ್ತದೆ. ಹಾಗಾಗಿ ಅದೇ ವರ್ಷದ ಆಗಸ್ಟ್‌ನ ಅಪ್‌ಡೇಟ್‌ನಿಂದ ಶೇರ್ ಮಾಡಿದ ಪ್ರಿಂಟರ್‌ನ ಡ್ರೈವರ್ ಹಾಕಲು ಅಡ್ಮಿನ್ ಅನುಮತಿ ಬೇಕೇ ಬೇಕು ಅಂತಾಯಿತು. ಎರಡೂ ಕಂಪ್ಯೂಟರಿನಲ್ಲಿ ಡ್ರೈವರ್‌ನ ಒಂದೇ ವರ್ಷನ್ ಇರಲಿ. ಬೇರೆ ಬೇರೆ ಇದ್ದರೆ ವಿಂಡೋಸ್ ಪುನಃ ಅನುಮತಿ ಕೇಳಬಹುದು.

ಅಡ್ಮಿನ್ ಅಕೌಂಟಿನಲ್ಲೇ ಇದ್ದೂ ಎರರ್ ಬಂದರೆ? ವಿಂಡೋಸ್ ವಿಸ್ಟಾ ಕಾಲದಿಂದಲೂ ಅಡ್ಮಿನ್ ತೆರೆದ ಪ್ರೋಗ್ರಾಂ ಕೂಡ ಮೊದಲಿಗೆ ಸಾಮಾನ್ಯ ಹಕ್ಕಿನಲ್ಲೇ ಶುರುವಾಗುತ್ತದೆ. ಸೆಟಪ್ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಒತ್ತಿ. ಸ್ಕ್ರೀನ್ ಮಬ್ಬಾಗಿ ಒಂದು ಪೆಟ್ಟಿಗೆ ಬರುತ್ತದೆ. ‘ಯೆಸ್’ ಒತ್ತುವ ಮೊದಲು ಅದರಲ್ಲಿ ಪ್ರಿಂಟರ್ ಕಂಪನಿಯ ಹೆಸರು ಇದೆಯಾ ನೋಡಿ. ‘ಅನ್‌ನೋನ್’ ಅಂತಿದ್ದರೆ ಅಲ್ಲೇ ನಿಲ್ಲಿಸಿ, ಕಂಪನಿಯ ಸೈಟಿನಿಂದಲೇ ಡ್ರೈವರ್ ಇಳಿಸಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ. ಕಳೆದ ಮಳೆಗಾಲ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಅವರು ಸೆಟಪ್ ಅನ್ನು ಜಿಪ್ ಎಂಬ ಗಂಟು ಕಟ್ಟಿದ ಫೈಲಿನ ಒಳಗಿಂದಲೇ ತೆರೆಯುತ್ತಿದ್ದರು! ಮೊದಲು ಜಿಪ್‌ನ ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಇದ್ದರೆ ಟಿಕ್ ಹಾಕಿ. ಆಮೇಲೆ ‘ಎಕ್ಸ್‌ಟ್ರಾಕ್ಟ್ ಆಲ್’ ಕೊಟ್ಟು, ಹೊರಗೆ ಬಂದ ಫೋಲ್ಡರ್‌ನಿಂದ ಸೆಟಪ್ ನಡೆಸಿ.

ವಿಂಡೋಸಿನ ಮುಖ್ಯ ಫೈಲುಗಳಿರುವ ಸಿಸ್ಟಮ್32 ಫೋಲ್ಡರ್‌ನ ಪರ್ಮಿಷನ್ ಬದಲಿಸಿ ಅಂತ ಯಾರಾದರೂ ಹೇಳಿದರೆ ಖಂಡಿತ ಮಾಡಬೇಡಿ. ಅದು ಕೆಟ್ಟರೆ ವಿಂಡೋಸನ್ನೇ ಹೊಸದಾಗಿ ಹಾಕಬೇಕಾಗಬಹುದು.