ಸ್ಟೇಟಸ್ ಕೋ: ಜೆರುಸಲೇಮಿನ ‘ಯಥಾಸ್ಥಿತಿ’

ಕೋರ್ಟ್ ಸುದ್ದಿಗಳಲ್ಲಿ ‘ಯಥಾಸ್ಥಿತಿ ಕಾಪಾಡಿ’ ಅನ್ನೋ ಮಾತು ಓದಿರ್ತೀವಿ, ಅಲ್ವಾ? ತೀರ್ಪು ಬರುವವರೆಗೆ ಇದ್ದದ್ದು ಇದ್ದ ಹಾಗೇ ಇರಲಿ ಅಂತ ಅರ್ಥ. ಜೆರುಸಲೇಮಿನಲ್ಲಿ ಇದನ್ನೇ ‘ಸ್ಟೇಟಸ್ ಕೋ’ ಎನ್ನುತ್ತಾರೆ. ಅಲ್ಲಿ ತೀರ್ಪು ಇವತ್ತಿಗೂ ಬಂದಿಲ್ಲ.

ಯೇಸುವಿನ ಸಮಾಧಿ ಇದ್ದ ಜಾಗ ಎಂದು ಹಲವು ಕ್ರೈಸ್ತರು ನಂಬುವ ಚರ್ಚ್ ಅಲ್ಲಿದೆ. ಅದರಲ್ಲಿ ಆರು ಪಂಗಡಗಳಿಗೆ ಹಕ್ಕಿದೆ. ಯಾವ ದೀಪ ಯಾರದು, ಯಾರ ಪ್ರಾರ್ಥನೆ ಎಷ್ಟು ಹೊತ್ತಿಗೆ, ಯಾವ ಮೆಟ್ಟಿಲನ್ನು ಯಾರು ಗುಡಿಸಬೇಕು, ಎಲ್ಲಕ್ಕೂ ಲೆಕ್ಕ ಉಂಟು. ಬಾಗಿಲಿನ ಬೀಗದ ಕೈ, ಬಾಗಿಲು ತೆಗೆಯುವ ಕೆಲಸ ಶತಮಾನಗಳಿಂದ ಎರಡು ಮುಸ್ಲಿಂ ಮನೆತನಗಳದ್ದು. ಮುಂಬಾಗಿಲ ಮೇಲೆ, ಕಿಟಕಿ ಕೆಳಗಿನ ಸಜ್ಜದಲ್ಲಿ ಒಂದು ಪುಟ್ಟ ಮರದ ಏಣಿ ಇದೆ. 18ನೇ ಶತಮಾನದ ಚಿತ್ರದಲ್ಲೂ ಅಲ್ಲೊಂದು ಏಣಿ ಕಾಣುತ್ತದೆ. ಎಲ್ಲರೂ ಒಪ್ಪದೆ ಅದನ್ನು ತೆಗೆಯುವಂತಿಲ್ಲ.

ಗುಡಿಸುವುದಕ್ಕೂ ಲೆಕ್ಕ ಯಾಕೆ? ಅಲ್ಲಿ ಗುಡಿಸಿದವರದ್ದೇ ಜಾಗ. ಯೇಸು ಹುಟ್ಟಿದ ಜಾಗ ಎಂದು ನಂಬುವ ಬೆತ್ಲೆಹೇಮ್‌ನ ಚರ್ಚ್‌ಗೂ ಇದೇ ಲೆಕ್ಕ. 2011ರ ಡಿಸೆಂಬರ್‌ನಲ್ಲಿ ಅದನ್ನು ಶುಚಿ ಮಾಡುವಾಗ ಗ್ರೀಕ್ ಮತ್ತು ಅರ್ಮೇನಿಯನ್ ಸನ್ಯಾಸಿಗಳು ಪೊರಕೆ ಹಿಡಿದೇ ಹೊಡೆದಾಡಿದರು. ಪೊಲೀಸರು ಬಂದು ಬಿಡಿಸಬೇಕಾಯಿತು.

ಈ ಲೆಕ್ಕವನ್ನು ಗಟ್ಟಿ ಮಾಡಿದ್ದು ಆಗ ಜೆರುಸಲೇಮನ್ನು ಆಳುತ್ತಿದ್ದ ಒಟ್ಟೊಮನ್ (ತುರ್ಕಿ) ಸುಲ್ತಾನರು, 1757 ಮತ್ತು 1852ರ ಆಜ್ಞೆಗಳಲ್ಲಿ. ನಡುವೆ 1847ರಲ್ಲಿ ಬೆತ್ಲೆಹೇಮ್ ಚರ್ಚ್‌ನಲ್ಲಿ ಯೇಸು ಹುಟ್ಟಿದ ಜಾಗದ ಗುರುತಾಗಿದ್ದ ಬೆಳ್ಳಿ ನಕ್ಷತ್ರ ಕಾಣೆಯಾಯಿತು. ಅದರ ಮೇಲಿದ್ದ ಬರಹ ಕ್ಯಾಥೊಲಿಕರ ಲ್ಯಾಟಿನ್ ಭಾಷೆಯದ್ದು. ಕ್ಯಾಥೊಲಿಕರ ಪರ ಫ್ರಾನ್ಸ್ ನಿಂತಿತು, ಆರ್ಥಡಾಕ್ಸ್ ಜನರ ಪರ ರಷ್ಯಾ. ಜಗಳ ಬೆಳೆದು 1853ರಲ್ಲಿ ರಷ್ಯಾಕ್ಕೂ ಒಟ್ಟೊಮನ್ನರಿಗೂ ಕ್ರಿಮಿಯಾ ಯುದ್ಧ ಶುರುವಾಯಿತು, ಫ್ರಾನ್ಸ್ ಮುಂದೆ ಒಟ್ಟೊಮನ್ನರ ಜೊತೆ ಸೇರಿತು. ಲಕ್ಷಾಂತರ ಸೈನಿಕರು ಸತ್ತರು, ಜಾಸ್ತಿ ಜನ ಕಾಯಿಲೆಯಿಂದ.

ಹಾಗಾದರೆ ಅದು ಧರ್ಮಯುದ್ಧವೇ? ನನಗೆ ಹಾಗನ್ನಿಸುವುದಿಲ್ಲ. ರಷ್ಯಾದ ಕಣ್ಣು ಸೊರಗುತ್ತಿದ್ದ ಒಟ್ಟೊಮನ್ ರಾಜ್ಯದ ಮೇಲಿತ್ತು. ಫ್ರಾನ್ಸ್‌ನ ದೊರೆ ಮೂರನೇ ನೆಪೋಲಿಯನ್‌ಗೆ ತನ್ನ ದೇಶದ ಕ್ಯಾಥೊಲಿಕರ ಬೆಂಬಲ ಬೇಕಿತ್ತು. ಆದರೆ ಧರ್ಮ ಸುಮ್ನೆ ನೆಪ ಅಂತಲೂ ತಳ್ಳಿಹಾಕಲಾರೆ. ಆ ನಕ್ಷತ್ರಕ್ಕಾಗಿ ಸಂಕಟಪಟ್ಟವರ ಭಕ್ತಿ ನಿಜವಾದದ್ದು. ಅದು ನಿಜವಾಗಿದ್ದಕ್ಕೇ ದೊರೆಗಳಿಗೆ ಉಪಯೋಗಕ್ಕೆ ಬಂತು.

1878ರ ಬರ್ಲಿನ್ ಒಪ್ಪಂದದಲ್ಲಿ ಯುರೋಪಿನ ದೊಡ್ಡ ರಾಜ್ಯಗಳೂ ಈ ಯಥಾಸ್ಥಿತಿಗೆ ಒಪ್ಪಿದವು.

ಇವತ್ತು ಪೇಪರಿನಲ್ಲಿ ಈ ಪದ ಜಾಸ್ತಿ ಕಾಣುವುದು ಜೆರುಸಲೇಮಿನದ್ದೇ ಆದ ಅಲ್-ಅಕ್ಸಾ ಮಸೀದಿಯ ಆವರಣದ ಸುದ್ದಿಯಲ್ಲಿ. ಯಹೂದಿಗಳಿಗೆ ಅದು ಅವರ ಪುರಾತನ ದೇವಾಲಯವಿದ್ದ ಗುಡ್ಡ, ಎಲ್ಲಕ್ಕಿಂತ ಪವಿತ್ರ ಜಾಗ. 1967ರ ಯುದ್ಧದಲ್ಲಿ ಇಸ್ರೇಲ್ ಪೂರ್ವ ಜೆರುಸಲೇಮನ್ನು ಹಿಡಿಯಿತು. ಆದರೂ ಆವರಣದ ಆಡಳಿತವನ್ನು ಜೋರ್ಡಾನ್ ಬೆಂಬಲದ ವಕ್ಫ್‌ಗೇ (ಮುಸ್ಲಿಂ ಧಾರ್ಮಿಕ ಆಡಳಿತ ಮಂಡಳಿಗೇ) ಬಿಟ್ಟಿತು. ಮುಸ್ಲಿಮರು ಪ್ರಾರ್ಥನೆ ಮಾಡಬಹುದು, ಉಳಿದವರು ನೋಡಿ ಬರಬಹುದು ಎಂಬ ಏರ್ಪಾಡಾಯಿತು. 2000ದ ಸೆಪ್ಟೆಂಬರ್‌ನಲ್ಲಿ ಇಸ್ರೇಲ್‌ನ ಆಗಿನ ವಿರೋಧ ಪಕ್ಷದ ನಾಯಕ ಏರಿಯಲ್ ಶರೋನ್ ಅಲ್ಲಿಗೆ ಹೋಗಿ ಬಂದ ಮರುದಿನವೇ ಗೋಲಿಬಾರ್, ಸಾವು. ಪ್ಯಾಲೆಸ್ತೀನಿಯರ ದಂಗೆ, ಎರಡನೇ ಇಂತಿಫಾದಾ, ಹೊತ್ತಿಕೊಂಡಿತು.

ಯಥಾಸ್ಥಿತಿ ಕಾಪಾಡುತ್ತಿದ್ದೇವೆ ಎಂದು ಇಸ್ರೇಲ್ ಸರ್ಕಾರ ಹೇಳುತ್ತದೆ. ಯಥಾಸ್ಥಿತಿ ಕಾಪಾಡಿ ಎಂದು ಜೋರ್ಡಾನ್ ಕೇಳುತ್ತದೆ. ಇಸ್ರೇಲ್ ಹೇಳುವುದು 1967ರ ನಂತರದ ಏರ್ಪಾಡು. ಜೋರ್ಡಾನ್ ಕೇಳುವುದು ಅದಕ್ಕೂ ಹಿಂದಿನದ್ದು, ಒಳಗೆ ಯಾರು ಬರಬೇಕು ಅನ್ನೋದನ್ನೂ ವಕ್ಫ್ ತೀರ್ಮಾನಿಸುತ್ತಿದ್ದ ಕಾಲದ್ದು.