ಕಚ್ಚಾ ತೈಲದಿಂದ ನೇರ ರಾಸಾಯನಿಕ: ನಾನು ಎಡವಿದ್ದು ‘ನೇರ’ ಅನ್ನುವ ಪದದಲ್ಲೇ

ಸಾಮಾನ್ಯ ರಿಫೈನರಿಯಲ್ಲಿ ಕಚ್ಚಾ ತೈಲದ ಬಹುಪಾಲು ಪೆಟ್ರೋಲ್, ಡೀಸೆಲ್ ಆಗುತ್ತದೆ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ಲನ್ನೇ ನೋಡಿ: ವರ್ಷಕ್ಕೆ 150 ಲಕ್ಷ ಟನ್ ಸಂಸ್ಕರಣಾ ಸಾಮರ್ಥ್ಯ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಘಟಕದ್ದು 4.4 ಲಕ್ಷ ಟನ್. ಶೇ. 3 ಕೂಡ ಮುಟ್ಟುವುದಿಲ್ಲ. ಪ್ಯಾರಾಕ್ಸೈಲೀನ್ (ಪಾಲಿಯೆಸ್ಟರ್‌ನ ಕಚ್ಚಾವಸ್ತು), ಬೆಂಜೀನ್ ಎಂಬ ರಾಸಾಯನಿಕಗಳನ್ನು ಸೇರಿಸಿದರೆ ಶೇ. 10ರ ಆಸುಪಾಸು. ರಾಸಾಯನಿಕಗಳ ಈ ಪಾಲನ್ನು ಶೇ. 40, 50, ಅದಕ್ಕೂ ಮೇಲೆ ಒಯ್ಯುವುದೇ ‘ಕಚ್ಚಾ ತೈಲದಿಂದ ನೇರ ರಾಸಾಯನಿಕ’ ಎಂಬ ಹೊಸ ದಾರಿಯ ಗುರಿ. ಅವುಗಳಲ್ಲಿ ಮುಖ್ಯವಾದದ್ದು ಎಥಿಲೀನ್, ಪ್ಲಾಸ್ಟಿಕ್‌ಗಳಿಗೆ ಮೂಲವಾದ ಅನಿಲ.

ನನ್ನ ತಲೆ ಕೆಟ್ಟದ್ದು ಇಲ್ಲಿ: ಎಥಿಲೀನ್ ಮಾಡಲು ನಾಫ್ತಾ (ಕಚ್ಚಾ ತೈಲದ ಒಂದು ಹಗುರ ಭಾಗ) ಹಾಕುವ ಸ್ಟೀಮ್ ಕ್ರ್ಯಾಕರ್‌ಗೇ, ಅಂದರೆ ಹಬೆ ಬೆರೆಸಿ ಅಣು ಒಡೆಯುವ ಘಟಕಕ್ಕೇ, ಕಚ್ಚಾ ತೈಲ ಸುರಿದರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಕ್ರ್ಯಾಕರ್ ಕುಲುಮೆಯಲ್ಲಿ ಎರಡು ಭಾಗ. ಮೇಲೆ ಕನ್ವೆಕ್ಷನ್ ಭಾಗ. ಚಿಮಣಿಗೆ ಹೊರಟ ಬಿಸಿ ಹೊಗೆಯಿಂದ ಎಣ್ಣೆ ಅಲ್ಲಿ ಆವಿಯಾಗುತ್ತದೆ. ಕೆಳಗೆ ರೇಡಿಯಂಟ್ ಭಾಗ. ಉರಿಯ ಎದುರಿಗೇ ಕೊಳವೆ, ಒಳಗೆ 800–850 ಡಿಗ್ರಿ, ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಅಣು ಒಡೆಯುತ್ತದೆ. ನಾಫ್ತಾ ಪೂರ್ತಿ ಆವಿಯಾಗಿಯೇ ಕೆಳಗಿಳಿಯುತ್ತದೆ. ಕಚ್ಚಾ ತೈಲದ ಡಾಂಬರಿನಂಥ ಭಾಗ ಹನಿಯಾಗಿಯೇ ಉಳಿದು, ಕೆಂಪಗೆ ಕಾದ ಗೋಡೆಗೆ ಬಡಿದು ಹಾಲಿನ ಹಾಗೆ ತಳ ಹಿಡಿಯುತ್ತದೆ. ಪಾತ್ರೆಯಾದರೆ ನೆನೆಹಾಕಿ ಉಜ್ಜಬಹುದು. ಇಲ್ಲಿ ಕುಲುಮೆಗೆ ಎಣ್ಣೆ ನಿಲ್ಲಿಸಿ, ಹಬೆ ಮತ್ತು ಗಾಳಿ ಹಾಯಿಸಿ, ಹಾಗೆ ಕಟ್ಟಿದ ಇಂಗಾಲದ ಪದರ, ಅಂದರೆ ಕೋಕನ್ನು ಸುಡಬೇಕು.

ಉಪಾಯ ಏನೆಂದರೆ, ಎರಡೂ ಭಾಗಗಳ ನಡುವೆ ಒಂದು ಫ್ಲ್ಯಾಶ್ ಪಾತ್ರೆ ಇಡುವುದು. ಮೇಲೆ ಕಾದ ಎಣ್ಣೆ, ಹಬೆಯ ಜೊತೆ ಆ ಪಾತ್ರೆಗೆ ಬರುತ್ತದೆ. ಆವಿ ಮಾತ್ರ ಉರಿಯ ಕಡೆಗೆ; ತಳದ ದ್ರವ ಹೊರಕ್ಕೆ. ಸಿಂಗಪುರದ ಜುರಾಂಗ್ ದ್ವೀಪದಲ್ಲಿ ಎಕ್ಸಾನ್‌ಮೊಬಿಲ್ 2014ರಲ್ಲಿ ಶುರುಮಾಡಿದ, ವರ್ಷಕ್ಕೆ 10 ಲಕ್ಷ ಟನ್ ಎಥಿಲೀನ್ ಕೊಡುವ ಕ್ರ್ಯಾಕರ್‌ನ ಗುಟ್ಟು ಇದೇ. ಅಂದರೆ ‘ನೇರ’ ಎಂದರೆ ಬೇರ್ಪಡಿಸುವುದೇ ಇಲ್ಲ ಎಂದಲ್ಲ. ಬಟ್ಟಿ ಇಳಿಸುವ ದೊಡ್ಡ ಗೋಪುರ ಹೋಯಿತು, ಅದರ ಕೆಲಸ ಕುಲುಮೆಯ ಹೊಟ್ಟೆಯೊಳಗೆ ಸೇರಿಕೊಂಡಿತು. ಇಷ್ಟು ತಿಳಿಯಲು ನನಗೆ ಎರಡು ದಿನ ಬೇಕಾಯಿತು.

(ಹಬೆ ಶಾಖ ಕೊಡಲಿಕ್ಕೆ ಎಂದುಕೊಂಡಿದ್ದೆ. ಮುಖ್ಯ ಕೆಲಸ ಅದಲ್ಲ. ಹಬೆ ಸೇರಿದರೆ ಎಣ್ಣೆಯ ಆಂಶಿಕ ಒತ್ತಡ (ಒಟ್ಟು ಒತ್ತಡದಲ್ಲಿ ಎಣ್ಣೆ ಆವಿಯ ಪಾಲು) ಇಳಿಯುತ್ತದೆ, ಕಡಿಮೆ ಬಿಸಿಯಲ್ಲೇ ಹೆಚ್ಚು ಎಣ್ಣೆ ಆವಿಯಾಗುತ್ತದೆ. ಕೆಳಗೆ ಕೋಕ್ ಕಟ್ಟುವುದನ್ನೂ ತಗ್ಗಿಸುತ್ತದೆ.)

ಇನ್ನು ತಳದ ದ್ರವದ ಕಥೆ. ಇಲ್ಲಿ ನನ್ನ ಅಚ್ಚುಮೆಚ್ಚಿನ ಲೆಕ್ಕ: ಜಲಜನಕ ಎಣಿಸಿ. ಎಥಿಲೀನ್‌ನಲ್ಲಿ ಒಂದು ಇಂಗಾಲಕ್ಕೆ 2 ಜಲಜನಕ. ಕಚ್ಚಾ ತೈಲದಲ್ಲಿ ಸುಮಾರು 1.8. ಗಂಧಕ ಮರೆತರೆ 100 ಕಿಲೋ ತೈಲದಲ್ಲಿ 87 ಕಿಲೋ ಇಂಗಾಲ, 13 ಕಿಲೋ ಜಲಜನಕ. ಆ ಇಂಗಾಲವೆಲ್ಲ ಎಥಿಲೀನ್ ಆಗಬೇಕಾದರೆ 14.5 ಕಿಲೋ ಜಲಜನಕ ಬೇಕು. ಕೊರತೆ ಒಂದೂವರೆ ಕಿಲೋ, ಅಷ್ಟೇ ತಾನೆ? ಇಲ್ಲೇ ಜಾರುವುದು. ಕ್ರ್ಯಾಕರ್‌ನಲ್ಲಿ ಮೀಥೇನ್ ಕೂಡ ಹುಟ್ಟುತ್ತದೆ, ಅದರ ತೂಕದ ಕಾಲು ಭಾಗ ಜಲಜನಕ. 15 ಕಿಲೋ ಮೀಥೇನ್ ಬಂದರೆ 3.75 ಕಿಲೋ ಅಲ್ಲೇ ಖರ್ಚು. ಹಾಗಾಗಿ ಆ ತಳದ ದ್ರವಕ್ಕೆ ದಾರಿ ಎರಡೇ: ಅದರ ಇಂಗಾಲವನ್ನು ಕೋಕ್, ಫ್ಯೂಯಲ್ ಆಯಿಲ್ ಆಗಿ ಹೊರಹಾಕಬೇಕು, ಇಲ್ಲವೇ ಹೊರಗಿನಿಂದ ಜಲಜನಕ ತುಂಬಬೇಕು. ಎರಡನೆಯದರ ಹೆಸರು ಹೈಡ್ರೋಕ್ರ್ಯಾಕಿಂಗ್. ದುಬಾರಿ.

ಇನ್ನೊಂದು ಸುಲಭ ಲೆಕ್ಕ: ದಿನಕ್ಕೆ ಇಷ್ಟು ಬ್ಯಾರೆಲ್ ಅಂದರೆ 50ರಿಂದ ಗುಣಿಸಿ, ವರ್ಷದ ಟನ್ ಸಿಗುತ್ತದೆ. ಸೌದಿಯ ತೈಲ ಕಂಪನಿ ಅರಾಮ್ಕೊ, ರಾಸಾಯನಿಕ ಕಂಪನಿ ಸಾಬಿಕ್ 2017ರಲ್ಲಿ ಪ್ರಕಟಿಸಿದ ಯೋಜನೆ ದಿನಕ್ಕೆ 4 ಲಕ್ಷ ಬ್ಯಾರೆಲ್‌ನದು, ಅಂದರೆ ವರ್ಷಕ್ಕೆ 200 ಲಕ್ಷ ಟನ್. ಅದರಲ್ಲಿ 90 ಲಕ್ಷ ಟನ್ ರಾಸಾಯನಿಕ. ಶೇ. 45 ಎಂದು ಬಾಯಲ್ಲೇ ಹೇಳಬಹುದು. 2020ರಲ್ಲಿ ಆ ಯೋಜನೆಯನ್ನು ಮರುಪರಿಶೀಲನೆಗೆ ಹಾಕಿದರು.

ಚೀನಾದ ಹೆಂಗ್ಲಿ ಕಂಪನಿಯ ಘಟಕವೂ ದಿನಕ್ಕೆ 4 ಲಕ್ಷ ಬ್ಯಾರೆಲ್‌ನದೇ, 2019ರಲ್ಲಿ ಡಾಲಿಯನ್‌ನಲ್ಲಿ ಚಾಲೂ ಆಯಿತು. ಮೂಲದಲ್ಲಿ ಜವಳಿಯವರು; ಪಾಲಿಯೆಸ್ಟರ್ ನೂಲಿನಿಂದ ಹಿಮ್ಮುಖವಾಗಿ ನಡೆದು ತೈಲದ ತನಕ ಬಂದವರು. ಅವರಿಗೆ ಬೇಕಿದ್ದದ್ದು ಪ್ಯಾರಾಕ್ಸೈಲೀನ್: ಎಂಟು ಇಂಗಾಲಕ್ಕೆ ಹತ್ತೇ ಜಲಜನಕ, ಅನುಪಾತ 1.25. ಅದಕ್ಕೆ ಬೇಕಾದ ರಿಫಾರ್ಮರ್ (ನಾಫ್ತಾದ ಅಣುಗಳನ್ನು ಇಂಥ ಉಂಗುರದಾಕಾರಕ್ಕೆ ತಿರುಗಿಸುವ ಘಟಕ) ಜಲಜನಕ ಕೇಳುವುದಿಲ್ಲ, ಬದಲಿಗೆ ಬಿಟ್ಟುಕೊಡುತ್ತದೆ. ಅದು ಹೈಡ್ರೋಕ್ರ್ಯಾಕಿಂಗ್‌ಗೆ ಒದಗುತ್ತದೆ. ಅಂದಹಾಗೆ ಅಲ್ಲಿ ಬಟ್ಟಿ ಇಳಿಸುವ ಗೋಪುರ ಇದ್ದೇ ಇದೆ. ಆದರೂ ಅದನ್ನು ಇದೇ ಗುಂಪಿಗೆ ಸೇರಿಸುತ್ತಾರೆ, ಪರೀಕ್ಷೆಯಲ್ಲಿ ನಾನು ‘ನೇರ’ ಎಂದು ಬರೆಯಲಾರೆ.