ಸುನಾಮಿಗೂ ಮುಂಚೆ ಸಿಗುವ ಎರಡು ಗಂಟೆ

ಗೌರಿಬಿದನೂರಿನಲ್ಲಿ ಸಮುದ್ರ ಇಲ್ಲ. ಉತ್ತರ ಪಿನಾಕಿನಿಯಲ್ಲಿ ನೀರು ಹರಿದರೇ ನೋಡಲು ಜನ ಸೇರುವ ಸೀಮೆ ಇದು. ಆದರೂ ದೂರದ ಕಡಲ ತಳ ಅಲುಗಿದರೆ ಇಲ್ಲಿಗೆ ಬೇಗ ಗೊತ್ತಾಗುತ್ತದೆ. 1960ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ಇಲ್ಲಿನ ಗಟ್ಟಿ ಬಂಡೆಯ ಮೇಲೆ ಕಂಪನಮಾಪಕಗಳ ಸಾಲನ್ನೇ ಹೂಡಿತು. ಬೇರೆ ದೇಶಗಳು ನೆಲದಡಿ ನಡೆಸುವ ಅಣುಬಾಂಬ್ ಪರೀಕ್ಷೆಗಳನ್ನು ಪತ್ತೆ ಮಾಡುವುದು ಉದ್ದೇಶ. ಭೂಕಂಪಗಳೂ ಅವುಗಳಲ್ಲಿ ದಾಖಲಾಗುತ್ತವೆ.

ಈಗ ಒಂದು ಲೆಕ್ಕ ನೋಡಿ. 2004ರ ಡಿಸೆಂಬರ್ 26, ಭಾನುವಾರ. ಬೆಳಿಗ್ಗೆ ಆರೂವರೆ ಹೊತ್ತಿಗೆ ಸುಮಾತ್ರಾ ಬಳಿ ಭೂಕಂಪವಾಯಿತು. ಬಂಡೆಯೊಳಗಿನ ಕಂಪನ ಸೆಕೆಂಡಿಗೆ 8 ಕಿ.ಮೀ. ಆಸುಪಾಸು ಓಡುತ್ತದೆ. ಗೌರಿಬಿದನೂರು ಮುಟ್ಟಲು 5 ನಿಮಿಷ ಸಾಕು. ಸುನಾಮಿಯ ಓಟ ಆಳ ಕಡಲಲ್ಲಿ ಗಂಟೆಗೆ ಸುಮಾರು 700 ಕಿ.ಮೀ. ಮಾತ್ರ. ತಮಿಳುನಾಡಿನ ದಡಕ್ಕೆ ಬರಲು ಅದಕ್ಕೆ ಎರಡು ಗಂಟೆಗೂ ಮೇಲೆ ಬೇಕಾಯಿತು. ಇಷ್ಟು ಹೊತ್ತು ಕೈಯಲ್ಲಿತ್ತು! ಆದರೆ ಹಿಂದೂ ಮಹಾಸಾಗರಕ್ಕೆ ಆಗ ಸುನಾಮಿ ಎಚ್ಚರಿಕೆ ಕೇಂದ್ರವೇ ಇರಲಿಲ್ಲ. ವೇಳಾಂಕಣಿಯ ದಡದಲ್ಲಿದ್ದ ಯಾತ್ರಿಗಳಿಗೆ ಯಾರೂ ಹೇಳಲಿಲ್ಲ. ನಮ್ಮ ಕೆಜಿಎಫ್ ಕಡೆಯಿಂದ ಅಲ್ಲಿಗೆ ಹೋಗುವವರು ಎಷ್ಟು ಜನ ಅಲ್ವಾ? ಸುನಾಮಿ ಕರಾವಳಿಯವರ ಚಿಂತೆ ಮಾತ್ರ ಅಂತ ನಾವು ಸುಮ್ನೆ ಕೂರುವಂತಿಲ್ಲ.

ಬರುವುದು ಬರೀ ನೀರಲ್ಲ. ದೋಣಿ, ದೂಲ, ತಗಡು, ಕಾರು, ಗ್ಯಾಸ್ ಸಿಲಿಂಡರ್ ಎಲ್ಲವನ್ನೂ ಅದು ಹೊತ್ತು ತರುತ್ತದೆ. ಈಜು ಬಂದರೂ ಅದರ ನಡುವೆ ಬಚಾವಾಗುವುದು ಕಷ್ಟ. ನೀರು ಇಳಿದ ಮೇಲೆ ಅದೇ ರಾಶಿ ಆಂಬುಲೆನ್ಸ್ ಹೋಗುವ ದಾರಿಯನ್ನೂ ಮುಚ್ಚುತ್ತದೆ.

ಉಳಿದದ್ದು ಕಡಲಿಗೆ. 2011ರ ಮಾರ್ಚ್ 11ರ ಸುನಾಮಿ 50 ಲಕ್ಷ ಟನ್ ಅವಶೇಷಗಳನ್ನು ಸಮುದ್ರಕ್ಕೆ ಎಳೆದೊಯ್ದಿತು ಎಂದು ಜಪಾನ್ ಸರ್ಕಾರ ಅಂದಾಜು ಮಾಡಿತು. ಹೆಚ್ಚಿನದು ದಡದ ಹತ್ತಿರವೇ ಮುಳುಗಿತು. ಸುಮಾರು 15 ಲಕ್ಷ ಟನ್ ತೇಲಿತು. ಮಿಸಾವಾ ಬಂದರಿನ ತೇಲುವ ದಕ್ಕೆಯೊಂದು 2012ರ ಜೂನ್‌ನಲ್ಲಿ ಅಮೆರಿಕದ ಆರೆಗಾನ್ ದಡ ಸೇರಿತು. ಅದರ ಮೈಗೆ ಜಪಾನಿನ ಪಾಚಿ, ಚಿಪ್ಪುಜೀವಿಗಳು ಜೀವಂತವಾಗಿ ಅಂಟಿಕೊಂಡಿದ್ದವು. ಹೀಗೆ ಸಾಗರ ದಾಟಿದ 289 ಜೀವಜಾತಿಗಳನ್ನು ವಿಜ್ಞಾನಿಗಳು 2017ರ ಹೊತ್ತಿಗೆ ಗುರುತಿಸಿದ್ದರು. ಮರವಾಗಿದ್ದರೆ ಕಡಲಹುಳು ಕೊರೆದು ಮುಗಿಸುತ್ತಿತ್ತು. ಪ್ಲಾಸ್ಟಿಕ್, ಫೈಬರ್ ಗ್ಲಾಸ್ ಮಾತ್ರ ವರ್ಷಗಟ್ಟಲೆ ತೇಲುತ್ತವೆ.

2007ರಿಂದ ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರವಿದೆ. ಆ ಊರಿಗೂ ಸಮುದ್ರವಿಲ್ಲ ಬಿಡಿ! ಆದರೆ ಭೂಕಂಪ ದಡದ ಹತ್ತಿರವೇ ಆದರೆ ಸಂದೇಶ ಬರುವ ಮೊದಲೇ ಅಲೆ ಬರಬಹುದು. ಸುಮಾತ್ರಾ ಪಕ್ಕದ ಸಿಮೆಲೂ ದ್ವೀಪಕ್ಕೆ 2004ರಲ್ಲಿ ಸಿಕ್ಕಿದ್ದು ಹತ್ತು ನಿಮಿಷದಷ್ಟು. ಸುಮಾರು 78 ಸಾವಿರ ಜನರಲ್ಲಿ ಸತ್ತವರು 7 ಮಂದಿ. 1907ರ ಸುನಾಮಿಯ ಕಥೆಯನ್ನು ಅಜ್ಜ ಅಜ್ಜಿಯರು ಹೇಳುತ್ತಲೇ ಬಂದಿದ್ದರು. ನೆಲ ಜೋರಾಗಿ ನಡುಗಿತೇ, ಗುಡ್ಡಕ್ಕೆ ಓಡು. ಅಷ್ಟೇ.

ಒಡಿಶಾದ ವೆಂಕಟರಾಯಪುರ ಮತ್ತು ನೋಲಿಯಾಸಾಹಿ ಹಳ್ಳಿಗಳು ಇಂಥ ಓಟವನ್ನು ಅಣಕು ಕವಾಯತಿನಲ್ಲಿ ಕಲಿತು, 2020ರಲ್ಲಿ ಯುನೆಸ್ಕೋದ ‘ಸುನಾಮಿಗೆ ಸಿದ್ಧ’ ಮಾನ್ಯತೆ ಪಡೆದವು. ವಾಪಸ್ ಬರುವುದಕ್ಕೂ ತಾಳ್ಮೆ ಬೇಕು. ಮೊದಲ ಅಲೆಯೇ ಕೊನೆಯದಲ್ಲ; ಮುಂದಿನವು ಇನ್ನೂ ದೊಡ್ಡದಿರಬಹುದು, ಗಂಟೆಗಟ್ಟಲೆ ಬರುತ್ತಲೇ ಇರಬಹುದು. ಅಧಿಕಾರಿಗಳು ಹೇಳುವವರೆಗೆ ಸಾಮಾನು ಹುಡುಕಲು ದಡಕ್ಕೆ ಇಳಿಯಬಾರದು.